ಯುದ್ಧದ ಮುನ್ನಾದಿನದ ಮಾತುಗಳು: ಉದ್ಯೋಗಪರ್ವದ ಒಂದು ಅಧ್ಯಯನ

ಮಾರ್ಗಶಿರ ಶುದ್ಧ ಏಕಾದಶಿಯಂದು ಗೀತಾಜಯಂತಿಯನ್ನು ಆಚರಿಸುವ ಪದ್ಧತಿ ನಮ್ಮಲ್ಲಿ ರೂಢಿಯಲ್ಲಿದೆ. ಅಂದು ಗೀತೆಯ ಹದಿನೆಂಟು ಅಧ್ಯಾಯಗಳನ್ನು ಪಾರಾಯಣ ಮಾಡುತ್ತೇವೆ, ಪ್ರವಚನವನ್ನು ಕೇಳುತ್ತೇವೆ. ಆದರೆ ಗೀತೆ ಉಪದೇಶವಾದದ್ದು ಎರಡು ಸೇನೆಗಳ ನಡುವೆ. ಆ ಸೇನೆಗಳು ಅಲ್ಲಿಗೆ ಬಂದು ನಿಲ್ಲುವ ಮುನ್ನ ಎರಡು ಪಕ್ಷದವರೂ ತುಂಬಿದ ಸಭೆಗಳಲ್ಲಿ ಏನೇನು ಮಾತನಾಡಿದರು ಎಂಬುದನ್ನು ಗಮನಿಸುವವರು ವಿರಳ. ಆ ಮಾತುಗಳೆಲ್ಲವೂ ಉದ್ಯೋಗಪರ್ವದಲ್ಲಿವೆ. ಗೀತಾಜಯಂತಿಗೆ ಸಿದ್ಧರಾಗುವ ಈ ದಿನಗಳಲ್ಲಿ ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಉಚಿತವೆಂದು ಭಾವಿಸಿ ಈ ಪಾಠವನ್ನು ವಾಚಕರ ಮುಂದಿಡುತ್ತಿದ್ದೇವೆ.

ವಿಷಯಪ್ರವೇಶಕ್ಕೆ ಮೊದಲು ಒಂದು ಮಾತು. ನಮ್ಮ ಕರಾವಳಿಯ ತಾಳಮದ್ದಳೆಗಳಲ್ಲಿ ಕೃಷ್ಣಸಂಧಾನವು ಜನಪ್ರಿಯ ಪ್ರಸಂಗ. ನುರಿತ ಅರ್ಥಧಾರಿಯೊಬ್ಬರು ಕೌರವನ ಪಾತ್ರವಹಿಸಿ ವಾದ ಹೂಡಿದರೆ ಸಭೆಯೇ ತಲೆದೂಗುತ್ತದೆ. 'ಕೌರವನ ಮಾತಿನಲ್ಲಿ ತಪ್ಪೇನಿದೆ?' ಎಂದು ಮನೆಗೆ ಮರಳುವ ದಾರಿಯಲ್ಲಿ ಹೇಳಿದವರನ್ನು ನಾವು ಕೇಳಿದ್ದೇವೆ; ನಾವೇ ಹಾಗೆ ಹೇಳಿದ್ದೂ ಉಂಟು. ಈ ಪ್ರಶ್ನೆಯನ್ನು ನಗೆಮಾತಾಗಿ ತಳ್ಳಿಹಾಕಬಾರದು. ಅಧರ್ಮದ ಮಾತು ಕೇಳುವುದಕ್ಕೆ ಇಷ್ಟು ಸೊಗಸಾಗಿರುವುದಾದರೆ, ಅದನ್ನು ಗುರುತಿಸುವ ಬಗೆ ಹೇಗೆ? ಪ್ರಕೃತ ಪಾಠದ ಗುರಿ ಇದೇ ಆಗಿದೆ.

ಮೊದಲನೆಯ ಸಭೆ: ಉಪಪ್ಲಾವ್ಯ

ಹನ್ನೆರಡು ವರ್ಷಗಳ ವನವಾಸ, ಒಂದು ವರ್ಷದ ಅಜ್ಞಾತವಾಸ ಮುಗಿದಿವೆ. ಅಭಿಮನ್ಯು-ಉತ್ತರೆಯರ ವಿವಾಹವೂ ನೆರವೇರಿದೆ. ಮಾರನೆಯ ದಿನ ವಿರಾಟರಾಜನ ಸಭೆಯಲ್ಲಿ ಬಂಧುಗಳೆಲ್ಲ ಸೇರುತ್ತಾರೆ. ಮೊದಲು ಮಾತನಾಡುವವನು ಶ್ರೀಕೃಷ್ಣ. ಜೂಜಿನ ಕಪಟವನ್ನೂ, ಹದಿಮೂರು ವರ್ಷಗಳ ಕಷ್ಟವನ್ನೂ ಸಂಕ್ಷೇಪವಾಗಿ ನೆನಪಿಸಿ, ಪಾಂಡವರಿಗೂ ಕೌರವರಿಗೂ ಇಬ್ಬರಿಗೂ ಹಿತವಾದುದನ್ನು ಚಿಂತಿಸಿರೆಂದು ಹೇಳುತ್ತಾನೆ. ದುರ್ಯೋಧನನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ಕಾರ್ಯವನ್ನು ನಿಶ್ಚಯಿಸಲಾಗದು. ಆದುದರಿಂದ ಸಮರ್ಥನೂ ಧರ್ಮಶೀಲನೂ ಆದ ದೂತನನ್ನು ಕಳುಹಿಸಿ ಅರ್ಧರಾಜ್ಯವನ್ನು ಕೇಳೋಣ ಎಂಬುದು ಅವನ ಸೂಚನೆ.

ಅನಂತರ ಎದ್ದ ಬಲರಾಮನು ಸಂಧಿಯನ್ನೇ ಅನುಮೋದಿಸಿದರೂ, ಜೂಜಿನ ವಿಷಯದಲ್ಲಿ ಯುಧಿಷ್ಠಿರನದೇ ತಪ್ಪೆಂದು ಎಲ್ಲರೆದುರು ಹೇಳಿಬಿಡುತ್ತಾನೆ. ಆಟ ಬಾರದವನು ಚತುರನನ್ನು ಕರೆದು ಆಡಿ ಸೋತರೆ ಶಕುನಿಯ ಅಪರಾಧವೇನು ಎಂಬುದು ಅವನ ವಾದ. ಸಾತ್ಯಕಿಗೆ ಇದರಿಂದ ಕೋಪ ಉಕ್ಕುತ್ತದೆ. ಅವನು ಬಲರಾಮನನ್ನು ಕಟುವಾಗಿ ಖಂಡಿಸುತ್ತಾನೆ. ದ್ರುಪದನು ಅನುಭವಿಯಾದ ರಾಜನಂತೆ ಮಾತನಾಡಿ, ಮೃದುವಚನಕ್ಕೆ ದುರ್ಯೋಧನನು ಬಗ್ಗಲಾರನು, ದೂತನನ್ನೂ ಕಳುಹಿಸೋಣ, ಸೈನ್ಯಕ್ಕೂ ಹೇಳಿಕಳುಹಿಸೋಣ ಎನ್ನುತ್ತಾನೆ.

ಇಲ್ಲಿ ನಾವು ಗಮನಿಸತಕ್ಕದ್ದು ಇಷ್ಟು. ಅನ್ಯಾಯಕ್ಕೆ ಒಳಗಾದವರ ಸಭೆಯಲ್ಲಿಯೇ, ಅವರ ನಾಯಕನ ತಪ್ಪನ್ನು ಅವನ ಇದಿರಿನಲ್ಲಿ ಎತ್ತಿ ಹೇಳುವುದಕ್ಕೆ ಅವಕಾಶವಿತ್ತು. ಯುಧಿಷ್ಠಿರನು ಬಲರಾಮನನ್ನು ತಡೆಯಲಿಲ್ಲ, ಸಭೆಯಿಂದ ಎದ್ದು ಹೋಗಲೂ ಇಲ್ಲ.

ಧರ್ಮರಾಜನ ಮಾತು

ದ್ರುಪದನ ಪುರೋಹಿತನು ಹಸ್ತಿನಾವತಿಗೆ ಹೋಗಿ ಬಂದನಂತರ ಧೃತರಾಷ್ಟ್ರನು ಸಂಜಯನನ್ನು ಕಳುಹಿಸುತ್ತಾನೆ. ಸಂಜಯನು ತಂದ ಸಂದೇಶ ವಿಚಿತ್ರವಾದುದು. ಅದರಲ್ಲಿ ಶಾಂತಿಯ ಮಾತು ಹೇರಳವಾಗಿದೆ, ಭೂಮಿಯ ಮಾತು ಇಲ್ಲ. ಯುದ್ಧದಿಂದ ರಾಜ್ಯವನ್ನು ಪಡೆಯುವುದಕ್ಕಿಂತ ಅಂಧಕ-ವೃಷ್ಣಿಗಳ ನಾಡಿನಲ್ಲಿ ಭಿಕ್ಷೆ ಬೇಡಿ ಬದುಕುವುದು ಮೇಲೆಂದು ಸಂಜಯನು ಧರ್ಮರಾಜನಿಗೆ ಬೋಧಿಸುತ್ತಾನೆ. ಅಪಹರಿಸಿದವನಿಗೆ ಒಂದು ಮಾತೂ ಹೇಳದೆ, ಕಳೆದುಕೊಂಡವನಿಗೆ ಮಾತ್ರ ವೈರಾಗ್ಯವನ್ನು ಉಪದೇಶಿಸುವ ಈ ಕ್ರಮವನ್ನು ಇಂದಿಗೂ ಲೋಕದಲ್ಲಿ ಕಾಣುತ್ತೇವೆ.

ಧರ್ಮರಾಜನ ಉತ್ತರದಲ್ಲಿ ಎರಡು ಅಂಶಗಳಿವೆ. ಯುದ್ಧವಿಲ್ಲದೆ ದೊರೆಯುವುದನ್ನು ಯುದ್ಧದಿಂದ ಬಯಸುವವನು ಯಾರು ಎಂಬುದು ಒಂದು. ಎರಡನೆಯದು ಅವನ ಬೇಡಿಕೆಯ ಅಳತೆ. ನ್ಯಾಯವಾಗಿ ಬರಬೇಕಾದುದು ಅರ್ಧರಾಜ್ಯ. ಅದನ್ನು ಬಿಟ್ಟು ಐವರಿಗೆ ಐದು ಗ್ರಾಮಗಳಾದರೂ ಸಾಕೆಂದು ಹೇಳಿಕಳುಹಿಸುತ್ತಾನೆ: ಅವಿಸ್ಥಲ, ವೃಕಸ್ಥಲ, ಮಾಕಂದಿ, ವಾರಣಾವತ, ಐದನೆಯದು ಅವರು ಕೊಟ್ಟದ್ದು. ಇವುಗಳಲ್ಲಿ ವಾರಣಾವತವೂ ಇದೆಯೆಂಬುದನ್ನು ಮರೆಯಬಾರದು. ಅರಗಿನ ಮನೆಯಲ್ಲಿ ತಮ್ಮನ್ನು ಸುಡಲು ಯತ್ನಿಸಿದ ಊರನ್ನೇ ತಮ್ಮ ಪಾಲೆಂದು ಕೇಳುವವನ ಮನಸ್ಸು ಸೇಡಿನ ಮನಸ್ಸಲ್ಲ. ಆದರೂ ಅವನು ದೀನನಾಗಿ ಮಾತನಾಡುವುದಿಲ್ಲ. ಸಂಧಿಗೂ ಸಿದ್ಧ, ಯುದ್ಧಕ್ಕೂ ಸಿದ್ಧ ಎಂದು ಸ್ಪಷ್ಟಪಡಿಸಿಯೇ ಸಂಜಯನನ್ನು ಬೀಳ್ಕೊಡುತ್ತಾನೆ.

ಶ್ರೀಕೃಷ್ಣನು ಸಂಧಾನಕ್ಕೆ ಹೊರಡುವ ಮೊದಲು ಧರ್ಮರಾಜನು ಆಡಿದ ಮಾತು ಇನ್ನೂ ಮನಮುಟ್ಟುವಂತಹುದು. ಮಾಂಸದ ತುಂಡಿಗಾಗಿ ಕಚ್ಚಾಡುವ ನಾಯಿಗಳ ದೃಷ್ಟಾಂತವನ್ನು ಅವನು ಕೊಡುತ್ತಾನೆ. ಬಾಲ ಅಲ್ಲಾಡಿಸುವುದು, ಬೊಗಳುವುದು, ಸುತ್ತುವುದು, ಹಲ್ಲು ಕಿರಿಯುವುದು, ಕೊನೆಗೆ ಮೇಲೆ ಬೀಳುವುದು. ಗೆದ್ದ ನಾಯಿ ಮಾಂಸವನ್ನು ತಿನ್ನುತ್ತದೆ. ಮನುಷ್ಯರ ಯುದ್ಧದಲ್ಲಿಯೂ ಇದಕ್ಕಿಂತ ವಿಶೇಷವೇನೂ ಇಲ್ಲ ಎನ್ನುತ್ತಾನೆ. ಗೆಲವು ಹಗೆಯನ್ನು ಬೆಳೆಸುತ್ತದೆ, ಸೋತವನಿಗೆ ನಿದ್ರೆಯಿಲ್ಲ ಎಂಬ ಭಾವವೂ ಅವನ ಮಾತಿನಲ್ಲಿದೆ. ನಾಯಿಗಳ ಆ ಹೋಲಿಕೆಯಲ್ಲಿ ಅವನು ತನ್ನನ್ನು ಹೊರಗಿಟ್ಟುಕೊಳ್ಳಲಿಲ್ಲ ಎಂಬುದೇ ಮುಖ್ಯ. ಭೀಮಸೇನದೇವರೂ ಸಹ, ಭರತವಂಶವು ನಾಶವಾಗದಂತೆ ಸುಯೋಧನನೊಡನೆ ಮೃದುವಾಗಿಯೇ ಮಾತನಾಡೆಂದು ಕೃಷ್ಣನನ್ನು ಕೋರುತ್ತಾರೆ. ಸಹದೇವ, ಸಾತ್ಯಕಿಯರು ಯುದ್ಧವೇ ಆಗಲೆಂದರು. ದ್ರೌಪದೀದೇವಿಯರು ತಮ್ಮ ಮುಡಿಯನ್ನು ಹಿಡಿದು ತೋರಿಸಿ, ಸಂಧಿಯ ಮಾತನಾಡುವಾಗ ಇದು ನೆನಪಿರಲೆಂದರು. ಪಾಂಡವರ ಶಿಬಿರದಲ್ಲಿ ಕ್ರೋಧವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ಕ್ರೋಧಕ್ಕೆ ಕಾರಣವಿತ್ತು, ಅದರ ಮೇಲೆ ಧರ್ಮರಾಜನ ಹಿಡಿತವೂ ಇತ್ತು.

ಎರಡನೆಯ ಸಭೆ: ಹಸ್ತಿನಾವತಿ

ಸಂಜಯನು ಹಿಂದಿರುಗಿ ಪಾಂಡವರ ಸಂದೇಶವನ್ನು ಸಭೆಯಲ್ಲಿ ನಿವೇದಿಸಿದಾಗ ದುರ್ಯೋಧನನು ತಂದೆಗೆ ಧೈರ್ಯ ಹೇಳುತ್ತಾನೆ. ತನ್ನದು ಹನ್ನೊಂದು ಅಕ್ಷೌಹಿಣಿ, ಅವರದು ಏಳು ಎಂಬ ಲೆಕ್ಕವನ್ನು ಮುಂದಿಡುತ್ತಾನೆ. ಒಂದು ಅಕ್ಷೌಹಿಣಿಯೆಂದರೆ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಹದಿನೆಂಟು ಅಕ್ಷೌಹಿಣಿಗಳ ಕಾಲಾಳುಗಳೇ ಹತ್ತೊಂಬತ್ತು ಲಕ್ಷವನ್ನು ಮೀರುತ್ತಾರೆ. ಈ ಜೀವಗಳೆಲ್ಲವೂ ಅವನ ಬಾಯಲ್ಲಿ ಬರಿಯ ಸಂಖ್ಯೆಗಳು.

ಅದೇ ಸಂದರ್ಭದಲ್ಲಿ ಅವನು ಯುದ್ಧವನ್ನು ಯಜ್ಞಕ್ಕೆ ಹೋಲಿಸುತ್ತಾನೆ. ತಾನೂ ಕರ್ಣನೂ ದೀಕ್ಷಿತರು, ರಥವೇ ವೇದಿ, ಖಡ್ಗಗದೆಗಳೇ ಯಜ್ಞಪಾತ್ರೆಗಳು, ಯಜ್ಞಪಶುವಾದರೋ ಯುಧಿಷ್ಠಿರ! ಐದು ಗ್ರಾಮಗಳನ್ನು ಕೇಳಿದವನಿಗೆ ತುಂಬಿದ ಸಭೆಯಲ್ಲಿ ದೊರೆತ ಉತ್ತರವಿದು. ಒಬ್ಬನು ತನ್ನನ್ನೂ ಸೇರಿಸಿಕೊಂಡು ಹೋರುವವರೆಲ್ಲರನ್ನೂ ನಾಯಿಗಳಿಗೆ ಹೋಲಿಸಿದನು. ಇನ್ನೊಬ್ಬನು ಎದುರಾಳಿಯನ್ನು ಬಲಿಪಶುವನ್ನಾಗಿಸಿ, ತಾನು ದೀಕ್ಷಿತನೆಂದು ಪವಿತ್ರನಾಗಿಬಿಟ್ಟನು. ಎರಡು ಉಪಮೆಗಳಲ್ಲಿಯೇ ಎರಡು ಮನಸ್ಸುಗಳು ತಿಳಿಯುತ್ತವೆ.

ಕಾರ್ತಿಕಮಾಸದ ರೇವತೀ ನಕ್ಷತ್ರದಂದು ಹೊರಟ ಶ್ರೀಕೃಷ್ಣನು ವೃಕಸ್ಥಲದಲ್ಲಿ ಇರುಳನ್ನು ಕಳೆದು ಹಸ್ತಿನಾವತಿಯನ್ನು ಸೇರುತ್ತಾನೆ. ದುರ್ಯೋಧನನ ಭೋಜನವನ್ನು ಒಲ್ಲದೆ ವಿದುರನ ಮನೆಯಲ್ಲಿ ಉಣ್ಣುತ್ತಾನೆ. ಆ ರಾತ್ರಿ ವಿದುರನು ಆಕ್ಷೇಪಿಸುತ್ತಾನೆ: ಕೇಳದವರ ಸಭೆಗೆ ಹೋಗಿ ಮಾತನಾಡುವುದೇಕೆ? ತಾಳಮದ್ದಳೆಯ ಕೌರವನು ಎತ್ತುವ ಪ್ರಶ್ನೆಯೂ ಇದೇ. ಯುದ್ಧವಾಗುವುದೆಂದು ತಿಳಿದ ಪರಮಾತ್ಮನು ಸಂಧಿಗೆ ಬಂದದ್ದು ನಟನೆಯಲ್ಲವೆ? ಶ್ರೀಕೃಷ್ಣನು ವಿದುರನಿಗೆ ಕೊಟ್ಟ ಸಮಾಧಾನದ ಸಾರವಿದು: ಧರ್ಮಕಾರ್ಯಕ್ಕೆ ಶಕ್ತಿಮೀರಿ ಯತ್ನಿಸಿದವನಿಗೆ, ಅದು ಕೈಗೂಡದಿದ್ದರೂ ಪುಣ್ಯವು ತಪ್ಪದು, ತಡೆಯಲು ಸಮರ್ಥನಾಗಿದ್ದೂ ಕೃಷ್ಣನು ತಡೆಯಲಿಲ್ಲವೆಂದು ಮುಂದೆ ಯಾರೂ ಹೇಳುವಂತಾಗಬಾರದು. ಫಲವನ್ನು ಬಲ್ಲ ಸರ್ವಜ್ಞನೇ ಪ್ರಯತ್ನವನ್ನು ಬಿಡಲಿಲ್ಲವೆಂದ ಮೇಲೆ, ಫಲವನ್ನರಿಯದ ನಾವು 'ಹೇಳಿ ಪ್ರಯೋಜನವಿಲ್ಲ' ಎಂದು ಸುಮ್ಮನಿರುವುದಕ್ಕೆ ಆಧಾರವೆಲ್ಲಿದೆ?

ಮರುದಿನ ಸಭೆಯಲ್ಲಿ ಶ್ರೀಕೃಷ್ಣನು ಧೃತರಾಷ್ಟ್ರನನ್ನೇ ಉದ್ದೇಶಿಸಿ ಮಾತನಾಡುತ್ತಾನೆ. ವೀರರ ನಾಶವಾಗದೆ ಕುರುಪಾಂಡವರಲ್ಲಿ ಶಾಂತಿಯಾಗಲೆಂದು ಬೇಡಲು ಬಂದಿದ್ದೇನೆ. ನೀನು ನಿನ್ನ ಮಕ್ಕಳನ್ನು ನಿಲ್ಲಿಸು, ನಾನು ಅವರನ್ನು ನಿಲ್ಲಿಸುತ್ತೇನೆ. ಪಾಂಡವರೂ ನಿನ್ನ ಮಕ್ಕಳೇ. ಇಲ್ಲಿ ನೆರೆದ ಅರಸರು ತಮ್ಮ ಮನೆಗಳಿಗೆ ಕ್ಷೇಮವಾಗಿ ಹಿಂದಿರುಗಲಿ ಎಂಬುದು ಅದರ ಸಾರ. ಈ ಮಾತಿನಲ್ಲಿ ಕುರುವಂಶದ ಹಿರಿಮೆಗೆ ಹೊಗಳಿಕೆಯಿದೆ. ಎದುರಾಳಿಗೆ ಗೌರವದಿಂದ ಹಿಂದೆಗೆಯಲು ದಾರಿಯಿದೆ. ಪರಶುರಾಮ, ಕಣ್ವ, ನಾರದರು ದೃಷ್ಟಾಂತಗಳನ್ನು ಹೇಳಿದರು. ಭೀಷ್ಮ, ದ್ರೋಣ, ವಿದುರರು ಬೋಧಿಸಿದರು.

ದುರ್ಯೋಧನನ ವಾದ

ಈಗ ಅವನ ಉತ್ತರವನ್ನು ನ್ಯಾಯವಾಗಿಯೇ ಕೇಳೋಣ. ಅವನು ಹೇಳುವುದಿಷ್ಟು. ಎಲ್ಲರೂ ನನ್ನನ್ನೇ ದೂಷಿಸುತ್ತೀರಿ. ನನ್ನಲ್ಲಿ ಅಣುವಿನಷ್ಟೂ ತಪ್ಪು ನನಗೆ ಕಾಣದು. ಜೂಜನ್ನು ಅವರು ಇಷ್ಟಪಟ್ಟು ಆಡಿದರು, ಸೋತರು. ನಮ್ಮ ವೈರಿಗಳಾದ ಪಾಂಚಾಲರೊಡನೆ ಸೇರಿರುವವರು ಅವರು. ಭಯದಿಂದ ನಾವು ಇಂದ್ರನಿಗೂ ಬಾಗುವವರಲ್ಲ. ಯುದ್ಧದಲ್ಲಿ ಶರಶಯ್ಯೆ ದೊರೆತರೆ ಅದೇ ಕ್ಷತ್ರಿಯನ ಧರ್ಮ. ನಾನು ಬಾಲಕನಾಗಿದ್ದಾಗ ಅಜ್ಞಾನದಿಂದಲೋ ಭಯದಿಂದಲೋ ಕೊಟ್ಟ ರಾಜ್ಯಭಾಗವನ್ನು ಈಗ ಕೊಡಲಾರೆ. ನಾನು ಬದುಕಿರುವವರೆಗೆ ಸೂಜಿಯ ಮೊನೆ ಊರುವಷ್ಟು ನೆಲವೂ ಇಲ್ಲ.

ವಾದವು ಅಚ್ಚುಕಟ್ಟಾಗಿದೆ. ಧರ್ಮದ ಹೆಸರಿದೆ, ಶೌರ್ಯವಿದೆ, ಆತ್ಮಗೌರವವಿದೆ. ತಾಳಮದ್ದಳೆಯ ಸಭೆ ತಲೆದೂಗುವುದು ಇಲ್ಲಿಯೇ. ಆದರೆ ಅವನು ಹೇಳದೆ ಬಿಟ್ಟದ್ದೇನು? ಶ್ರೀಕೃಷ್ಣನ ಪ್ರತ್ಯುತ್ತರವು ಆ ಮೌನವನ್ನೇ ಒಡೆಯುತ್ತದೆ. ಬಾಲ್ಯದಲ್ಲಿ ವಿಷವಿಕ್ಕಿದ್ದು ಯಾರು? ವಾರಣಾವತದಲ್ಲಿ ತಾಯಿಯೊಡನೆ ಅವರನ್ನು ಸುಡಲು ಯತ್ನಿಸಿದ್ದು ಯಾರು? ಕುಲವಧುವನ್ನು ಸಭೆಗೆ ಎಳೆತರಿಸಿ ಅವಮಾನಿಸಿದ್ದು ಯಾರು? ಜೂಜಿನ ಸೋಲನ್ನು ನೆನಪಿಟ್ಟವನು ದ್ರೌಪದಿಯ ಹೆಸರನ್ನೇ ಎತ್ತಲಿಲ್ಲ. ಅವನ ತರ್ಕದಲ್ಲಿ ದೋಷವನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ತರ್ಕವು ಎಲ್ಲಿಂದ ಪ್ರಾರಂಭವಾಯಿತೆಂಬುದನ್ನು ನೋಡಿದರೆ ದೋಷವು ತಾನಾಗಿ ಹೊರಬೀಳುತ್ತದೆ.

ಈ ಮಾತು ಮುಗಿಯುತ್ತಲೇ ಅವನು ಸಭೆಯಿಂದ ಎದ್ದು ಹೊರಟುಹೋದನು. ತಾಯಿ ಗಾಂಧಾರಿಯ ಬುದ್ಧಿವಾದವೂ ಅವನಿಗೆ ಹಿಡಿಸಲಿಲ್ಲ. ದೂತನಾಗಿ ಬಂದ ಶ್ರೀಕೃಷ್ಣನನ್ನೇ ಸೆರೆಹಿಡಿಯುವ ಯೋಚನೆಯಲ್ಲಿ ಆ ಸಂಧಾನವು ಕೊನೆಗೊಂಡಿತು.

ಬೇರೊಂದು ದೇಶದ ನಿದರ್ಶನ

ಪುರಾಣಕಾಲದ ಮಾತು ನಮಗೇಕೆಂದು ಕೇಳುವ ತರುಣರಿಗಾಗಿ ಅರ್ವಾಚೀನ ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇವೆ. 1861ರಲ್ಲಿ ಅಮೆರಿಕ ದೇಶವು ಇಬ್ಭಾಗವಾಯಿತು. ದಕ್ಷಿಣದ ಸಂಸ್ಥಾನಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ ಎಂಬಾತನು ಫೆಬ್ರವರಿ 18ರಂದು ಮಾಂಟ್ಗೊಮೆರಿ ನಗರದಲ್ಲಿ ಭಾಷಣ ಮಾಡಿದನು. ಅಬ್ರಹಾಂ ಲಿಂಕನ್ ಅವರು ಮಾರ್ಚ್ 4ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷಪದವನ್ನು ಸ್ವೀಕರಿಸಿ ಮಾತನಾಡಿದರು. ಇಬ್ಬರೂ ಶಾಂತಿಯನ್ನೇ ಬಯಸುವುದಾಗಿ ಹೇಳಿದರು. ಇಬ್ಬರೂ ದೇವರ ಹೆಸರನ್ನು ಸ್ಮರಿಸಿದರು. ಇಬ್ಬರೂ ಶಾಸನವು ತಮ್ಮ ಕಡೆಗಿದೆಯೆಂದರು. ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿತು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಜನರು ಮಡಿದರು.

ಈ ಎರಡು ಭಾಷಣಗಳಿಗೆ ನಮ್ಮ ಪರೀಕ್ಷೆಯನ್ನು ಹಚ್ಚೋಣ. ಡೇವಿಸನು ಪ್ರಜೆಗಳ ಸಮ್ಮತಿ, ಸ್ವಾತಂತ್ರ್ಯ, ಹಕ್ಕು ಎಂಬ ದೊಡ್ಡ ಮಾತುಗಳನ್ನಾಡಿದನು. ಜಗಳದ ಮೂಲವಾದ ಗುಲಾಮಗಿರಿಯನ್ನು ಹೆಸರಿಸಲಿಲ್ಲ. ಆದರೆ ಅದೇ ಮಾರ್ಚ್ ತಿಂಗಳಲ್ಲಿ ಅವನ ಪಕ್ಷದ ಉಪಾಧ್ಯಕ್ಷನಾದ ಸ್ಟೀಫನ್ಸನು ಸವಾನಾ ನಗರದಲ್ಲಿ, ತಮ್ಮ ರಾಜ್ಯದ ಅಡಿಗಲ್ಲೇ ಅದೆಂದು ಬಹಿರಂಗವಾಗಿ ಹೇಳಿದನು. ಲಿಂಕನ್ನರ ಭಾಷಣವೂ ಪೂರ್ಣ ನಿರ್ದೋಷವಲ್ಲ. ಗುಲಾಮಗಿರಿ ಇದ್ದ ಸಂಸ್ಥಾನಗಳಲ್ಲಿ ತಾವು ಕೈಹಾಕುವುದಿಲ್ಲವೆಂದು ಅಂದು ಅವರು ಮಾತು ಕೊಟ್ಟರು; ಅದು ದಾಸ್ಯದಲ್ಲಿದ್ದವರಿಗೆ ಸಮಾಧಾನದ ಮಾತಾಗಿರಲಿಲ್ಲ. ಆದರೆ ವಿವಾದವು ಯಾವುದರ ಬಗೆಗೆಂಬುದನ್ನು ಅವರು ಮುಚ್ಚಿಡಲಿಲ್ಲ. ಎದುರಾಳಿಗಳನ್ನು ಶತ್ರುಗಳೆಂದು ಕರೆಯದೆ ಮಿತ್ರರೆಂದರು. 1865ರ ಮಾರ್ಚಿಯಲ್ಲಿ, ಯುದ್ಧವು ಗೆಲವಿನ ಹಂತಕ್ಕೆ ಬಂದಿದ್ದಾಗಲೂ, ಎರಡು ಪಕ್ಷದವರೂ ಒಂದೇ ಗ್ರಂಥವನ್ನೋದಿ ಒಂದೇ ದೇವರನ್ನು ಪ್ರಾರ್ಥಿಸುತ್ತಾರೆಂಬುದನ್ನು ನೆನಪಿಸಿ, ಆ ಪಾಪದಲ್ಲಿ ತಮ್ಮ ಪಕ್ಷಕ್ಕೂ ಪಾಲುಂಟೆಂಬ ಭಾವದಿಂದ ಮಾತನಾಡಿದರು. ಶಾಂತಿಯ ಮಾತನ್ನು ಯಾರಾದರೂ ಆಡಬಹುದು; ಅದರಿಂದಲೇ ಧರ್ಮಪಕ್ಷವು ನಿರ್ಣಯವಾಗದು ಎಂಬುದಕ್ಕೆ ಇದು ಸಾಕ್ಷಿ.

ನಾಲ್ಕು ಪ್ರಶ್ನೆಗಳು

ಈ ವಿಚಾರಣೆಯಿಂದ ನಮಗೆ ನಾಲ್ಕು ಪ್ರಶ್ನೆಗಳು ದೊರೆಯುತ್ತವೆ. ಒಂದು: ಮಾತನಾಡುವವನು ಏನನ್ನು ಕೇಳುತ್ತಾನೆ? ಧರ್ಮರಾಜನ ಬೇಡಿಕೆ ಅರ್ಧರಾಜ್ಯದಿಂದ ಐದು ಗ್ರಾಮಗಳಿಗೆ ಇಳಿಯಿತು. ದುರ್ಯೋಧನನ ಕೊಡುಗೆ ಸೂಜಿಯ ಮೊನೆಯಿಂದ ಮೇಲೇರಲಿಲ್ಲ. ಎರಡು: ಎದುರಾಳಿಯನ್ನು ಏನೆಂದು ಕರೆಯುತ್ತಾನೆ? ಮೂರು: ಯಾವ ವಿಷಯದಲ್ಲಿ ಮೌನವಾಗಿದ್ದಾನೆ? ನಾಲ್ಕು: ತನ್ನವರೇ ತನ್ನ ತಪ್ಪನ್ನು ಹೇಳಿದಾಗ ಕುಳಿತು ಕೇಳುತ್ತಾನೆಯೋ, ಎದ್ದು ಹೋಗುತ್ತಾನೆಯೋ?

ಶ್ರೀಮದಾಚಾರ್ಯರು ಮೂವತ್ತೆರಡು ಅಧ್ಯಾಯಗಳ ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಭಾರತಕ್ಕೆ ಮೂರು ಬಗೆಯ ಅರ್ಥವನ್ನು ತಿಳಿಸಿದ್ದಾರೆ. ಅವುಗಳಲ್ಲೊಂದರಂತೆ ಅಲ್ಲಿಯ ಪಾತ್ರಗಳು ಭಕ್ತಿ, ಜ್ಞಾನ ಮೊದಲಾದ ಗುಣಗಳನ್ನೂ ಅವುಗಳಿಗೆ ಎದುರಾದ ದೋಷಗಳನ್ನೂ ಸೂಚಿಸುತ್ತವೆ. ಆ ದೃಷ್ಟಿಯಿಂದ ನೋಡಿದರೆ ಈ ಎರಡು ಸಭೆಗಳೂ ನಮ್ಮೊಳಗೇ ನಡೆಯುತ್ತಿವೆ. ಅಣ್ಣತಮ್ಮಂದಿರ ಪಾಲುಪಟ್ಟಿಯ ದಿನ ಪಂಚರ ಮುಂದೆ ಕುಳಿತು 'ನನ್ನಲ್ಲಿ ಅಣುವಿನಷ್ಟೂ ತಪ್ಪಿಲ್ಲ' ಎಂದು ನಾವು ಹೇಳುವಾಗ, ಆ ಮಾತು ಯಾರದೆಂದು ಒಂದು ಕ್ಷಣ ಯೋಚಿಸಬೇಕು. ಮನೆಯ ಯಾವ ಹೆಂಗಸಿನ ಕಣ್ಣೀರನ್ನು ನಮ್ಮ ವಾದದಿಂದ ಬಿಟ್ಟಿದ್ದೇವೆಂಬುದನ್ನೂ ನೋಡಿಕೊಳ್ಳಬೇಕು. ನೆರೆದವರು ತಲೆದೂಗಿದರೆಂಬುದು ನಮಗೆ ಸಮಾಧಾನವಾಗಬಾರದು.

ಕೊನೆಯ ಮುಂಜಾನೆ

ಯುದ್ಧಾರಂಭದ ದಿನ ಇಬ್ಬರು ನಾಯಕರೂ ದ್ರೋಣಾಚಾರ್ಯರ ಬಳಿಗೆ ಹೋದರೆಂಬುದು ಭೀಷ್ಮಪರ್ವದಲ್ಲಿದೆ. ದುರ್ಯೋಧನನು ಹೋದದ್ದು ಗೀತೆಯ ಮೊದಲನೆಯ ಅಧ್ಯಾಯದಲ್ಲಿ. ಪಾಂಡವಸೇನೆಯನ್ನು ಒಡ್ಡಿದವನು ನಿಮ್ಮ ಶಿಷ್ಯನೇ ಎಂದು ಗುರುವನ್ನು ಚುಚ್ಚಿ, ಎರಡು ಕಡೆಯ ವೀರರ ಹೆಸರುಗಳನ್ನು ಎಣಿಸುತ್ತಾನೆ. ಧರ್ಮರಾಜನು ಹೋದದ್ದು ಗೀತೋಪದೇಶವು ಮುಗಿದನಂತರ. ಕವಚವನ್ನು ಕಳಚಿ, ಆಯುಧವನ್ನಿಳಿಸಿ, ಕೈಮುಗಿದುಕೊಂಡು ಕಾಲ್ನಡಿಗೆಯಲ್ಲಿ ಶತ್ರುಸೇನೆಯತ್ತ ನಡೆಯುತ್ತಾನೆ. ತಮ್ಮಂದಿರು ಗಾಬರಿಯಿಂದ ಹಿಂಬಾಲಿಸುತ್ತಾರೆ. ಹೆದರಿ ಶರಣಾಗತನಾಗಲು ಬಂದನೆಂದು ಕೌರವಸೈನಿಕರು ಹಳಿಯುತ್ತಾರೆ. ಅವನು ಭೀಷ್ಮ, ದ್ರೋಣ, ಕೃಪ, ಶಲ್ಯರಿಗೆ ನಮಸ್ಕರಿಸಿ, ನಿಮ್ಮೊಡನೆ ಯುದ್ಧಮಾಡಲು ಅಪ್ಪಣೆಯನ್ನೂ ಆಶೀರ್ವಾದವನ್ನೂ ಕೊಡಿರೆಂದು ಬೇಡುತ್ತಾನೆ. ಕೌರವನ ಅನ್ನದ ಋಣಕ್ಕೆ ಕಟ್ಟುಬಿದ್ದೆನೆಂದು ಭೀಷ್ಮಾಚಾರ್ಯರು ಅವನೆದುರು ಒಪ್ಪಿಕೊಂಡದ್ದು ಆಗಲೇ.

ಹಿಂದಿರುಗುವಾಗ ಅವನು ಎರಡು ಸೇನೆಗಳ ನಡುವೆ ನಿಂತು ಗಟ್ಟಿಯಾಗಿ ಸಾರುತ್ತಾನೆ: ನಮ್ಮನ್ನು ಆರಿಸಿಕೊಳ್ಳುವವರು ಯಾರಾದರೂ ಇದ್ದರೆ ಬರಲಿ, ಸ್ವೀಕರಿಸುತ್ತೇವೆ. ಯುದ್ಧದ ಮುನ್ನ ಅವನು ಬಹಿರಂಗವಾಗಿ ಆಡಿದ ಕೊನೆಯ ಮಾತು ಇದು. ಅದು ಕರೆಯುವ ಮಾತು. ಧೃತರಾಷ್ಟ್ರನ ಮಗನಾದ ಯುಯುತ್ಸು ಒಬ್ಬನು ಕೌರವಸೇನೆಯನ್ನು ಬಿಟ್ಟು ನಡೆದು ಬಂದನು. ಹದಿನೆಂಟು ದಿನಗಳು ಕಳೆದಮೇಲೆ ಧೃತರಾಷ್ಟ್ರನ ಪುತ್ರರಲ್ಲಿ ಉಳಿದವನು ಅವನೊಬ್ಬನೇ.

ಗೀತಾಪಾರಾಯಣಕ್ಕೆ ಕುಳಿತುಕೊಳ್ಳುವ ಮೊದಲು ಸಜ್ಜನರು ಉದ್ಯೋಗಪರ್ವದ ಸಂಧಾನಪ್ರಕರಣವನ್ನೊಮ್ಮೆ ಓದಬೇಕೆಂದೂ, ಮನೆಯ ಮಕ್ಕಳಿಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಹೇಳಿಕೊಟ್ಟು ಎರಡು ಕಡೆಯ ಮಾತನ್ನೂ ಅವರಿಂದಲೇ ಪರೀಕ್ಷೆ ಮಾಡಿಸಬೇಕೆಂದೂ ವಿನಂತಿಸುತ್ತೇವೆ. ಯಾರೂ ಕೇಳಲಾರರೆಂದು ತಿಳಿದೂ ಹಿತವನ್ನೇ ನುಡಿಯುವ ಧೈರ್ಯವನ್ನೂ, ನಮ್ಮ ತಪ್ಪನ್ನು ಇತರರು ಹೇಳಿದಾಗ ಕುಳಿತು ಕೇಳುವ ತಾಳ್ಮೆಯನ್ನೂ ಪಾರ್ಥಸಾರಥಿಯು ನಮಗೆಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.